ಒಂದು ಆಟೋ ಗಾಜಿನ ಲೆಕ್ಕ: ಪುಣೆಯ ಒಬ್ಬ ಹುಡುಗನ ಪ್ರಕರಣ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದರಲ್ಲಿ ಹುಡುಗನ ಹೆಸರಿಲ್ಲ, ವಸ್ತಿಯ ಹೆಸರಿಲ್ಲ, ಅವನ ಊರಿನ ಹೆಸರೂ ಇಲ್ಲ. ಕೇಸಿನಲ್ಲಿ ಸಿಕ್ಕ ಮಗುವಿನ ಗುರುತನ್ನು ಹೊರಗೆ ಹಾಕುವ ಹಾಗಿಲ್ಲ ಅಂತ 2015ರ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ಕಾನೂನು ಇಲ್ಲದಿದ್ದರೂ ನಾನು ಹಾಕುತ್ತಿರಲಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಬರೆದಿದ್ದನ್ನು ಹುಡುಗನಿಗೂ ಅವನ ತಾಯಿಗೂ ಓದಿ ಹೇಳಿದ್ದೇನೆ. ಎರಡು ಕಡೆ ಬೇಡ ಅಂದರು, ತೆಗೆದಿದ್ದೇನೆ.

ನಾನು ಪುಣೆಯಲ್ಲಿ ಒಂದು ಸಣ್ಣ ಕನ್ನಡ ಸಭೆಯ ಪಾಸ್ಟರ್. ಸಭೆ ಅಂದರೆ ಭಾನುವಾರ ಬಾಡಿಗೆ ಹಾಲ್‌ನಲ್ಲಿ ಸೇರುವ ಅರವತ್ತು ಎಪ್ಪತ್ತು ಜನ, ಅಷ್ಟೇ. ಹೆಚ್ಚಿನವರು ಯಾದಗಿರಿ, ಕಲಬುರಗಿ, ಬೀದರ್, ವಿಜಯಪುರ ಕಡೆಯವರು. ಗಂಡಸರು ಗೌಂಡಿ ಕೆಲಸ, ಸೆಂಟ್ರಿಂಗ್, ವಾಚ್‌ಮನ್ ಡ್ಯೂಟಿ ಮಾಡುತ್ತಾರೆ, ಹೆಂಗಸರು ಸೊಸೈಟಿಗಳಲ್ಲಿ ಮನೆಗೆಲಸ. ಮಕ್ಕಳು ಪತ್ರಾ ಶೆಡ್‌ನಲ್ಲಿ ಬೆಳೆಯುತ್ತಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಗಲ್ಲಿಯಲ್ಲಿ ಹಿಂದಿ. ಈ ಹುಡುಗ ಊರಲ್ಲಿ ಅಜ್ಜಿಯ ಹತ್ತಿರ ಇದ್ದುಕೊಂಡು ಐದನೇ ಕ್ಲಾಸ್ ತನಕ ಕನ್ನಡದಲ್ಲಿ ಓದಿದ. ಅಜ್ಜಿ ತೀರಿಕೊಂಡ ಮೇಲೆ ಪುಣೆಗೆ ತಂದು ಮರಾಠಿ ಶಾಲೆಗೆ ಹಾಕಿದರು. ಬಾಯಿ ತೆರೆದರೆ ಉಳಿದ ಹುಡುಗರು ‘ಕಾನಡಿ’ ಅಂತ ನಗುತ್ತಿದ್ದರಂತೆ. ಎಂಟನೇ ಕ್ಲಾಸಿಗೆ ಬಿಟ್ಟುಬಿಟ್ಟ. ಅವನ ತಾಯಿ ನಮ್ಮ ಸಭೆಗೆ ಬರುತ್ತಾರೆ, ಅಪ್ಪ ಬರುವುದಿಲ್ಲ. ಅಪ್ಪನಿಗೆ ಊರಿನ ಎಲ್ಲಮ್ಮನೇ ದೇವರು. ಆ ಮನೆಯಲ್ಲಿ ಇದಕ್ಕಾಗಿ ಜಗಳ ಆಗಿದ್ದನ್ನು ನಾನು ಕೇಳಿಲ್ಲ.

ಎರಡು ವರ್ಷದ ಹಿಂದೆ ಒಂದು ರಾತ್ರಿ, ಒಂದು ಗಂಟೆ ದಾಟಿತ್ತು, ತಾಯಿಯ ಫೋನ್ ಬಂತು. “ಯಪ್ಪಾ, ಹುಡುಗನ್ನ ಹಿಡ್ಕೊಂಡು ಹೋಗ್ಯಾರ್ರಿ. ಕೊಯ್ತಾ ಸಿಕ್ಕದಂತ.”

ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. 2022-23ರ ಹೊತ್ತಿಗೆ ಪುಣೆಯ ಪೇಪರ್‌ಗಳಲ್ಲಿ ‘ಕೊಯ್ತಾ ಗ್ಯಾಂಗ್’ ಅನ್ನುವ ಮಾತು ಮಾಮೂಲಿ ಆಗಿಹೋಗಿತ್ತು. ಹದಿನಾರು ಹದಿನೇಳರ ಹುಡುಗರು ರಾತ್ರಿ ಬೈಕಿನಲ್ಲಿ ಬಂದು, ಕೊಯ್ತಾ ಬೀಸಿ, ನಿಲ್ಲಿಸಿದ್ದ ಗಾಡಿಗಳ ಗಾಜು ಒಡೆದು, ಅದನ್ನು ರೀಲ್ ಮಾಡಿ ಹಾಕುವುದು. ಯಾರ ಮೇಲೂ ದ್ವೇಷ ಇರಬೇಕು ಅಂತಿಲ್ಲ, ಹೆದರಿಸಿದರೆ ಸಾಕು. ನಮ್ಮ ಹುಡುಗನೂ ಇನ್ನಿಬ್ಬರೂ ಒಂದೇ ಬೈಕಿನಲ್ಲಿ ಹೋಗಿ ಎರಡು ಆಟೋ, ಒಂದು ಟೆಂಪೋ ಒಡೆದಿದ್ದರು. ಒಂದು ಆಟೋದ ಮುಂದಿನ ಗಾಜು ಒಡೆದದ್ದು ಇವನೇ. ವಿಡಿಯೋದಲ್ಲಿ ಕಾಣುತ್ತಿತ್ತು, ಅಲ್ಲಗಳೆಯುವ ಮಾತೇ ಇಲ್ಲ.

ಸ್ಟೇಷನ್‌ಗೆ ಹೋದಾಗ ಮೊದಲು ಎದುರಾದದ್ದು ವಯಸ್ಸಿನ ಪ್ರಶ್ನೆ. ಹುಡುಗನಿಗೆ ಹದಿನಾರು. ಆಧಾರ್‌ನಲ್ಲಿ ಹತ್ತೊಂಬತ್ತು, ಅದೂ ಜನವರಿ 1. ನಮ್ಮ ವಲಸೆ ಜನರಲ್ಲಿ ಎಷ್ಟೋ ಮಂದಿಯ ಆಧಾರ್ ಹೀಗೇ ಇದೆ. ಕ್ಯಾಂಪ್‌ನಲ್ಲಿ ಅಂದಾಜಿಗೆ ಬರೆಸಿಬಿಟ್ಟಿರುತ್ತಾರೆ. ಈ ಒಂದು ಸಾಲಿನ ಮೇಲೆ ಹುಡುಗ ದೊಡ್ಡವರ ಲಾಕಪ್ಪಿಗೆ ಹೋಗಬೇಕಾ ಬೇಡವಾ ಅನ್ನುವುದು ನಿಂತಿತ್ತು. ಕಾಯ್ದೆಯ 94ನೇ ಸೆಕ್ಷನ್ ಇಲ್ಲಿ ಸ್ಪಷ್ಟವಾಗಿದೆ. ಮೊದಲು ಶಾಲೆಯ ಜನ್ಮದಿನಾಂಕದ ದಾಖಲೆ ಅಥವಾ ಹತ್ತನೇ ಕ್ಲಾಸಿನ ಸರ್ಟಿಫಿಕೇಟ್, ಅದಿಲ್ಲದಿದ್ದರೆ ಪಂಚಾಯ್ತಿ ಇಲ್ಲವೇ ಮುನಿಸಿಪಾಲಿಟಿಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಆ ಪಟ್ಟಿಯಲ್ಲೇ ಇಲ್ಲ. 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ಒಂದು ಅಪಘಾತ ಪರಿಹಾರದ ಕೇಸಿನಲ್ಲಿ ಇದೇ ಸೆಕ್ಷನ್ ತೋರಿಸಿ, ವಯಸ್ಸಿಗೆ ಆಧಾರ್‌ಗಿಂತ ಶಾಲೆಯ ದಾಖಲೆಯೇ ಸರಿ ಅಂದಿತು. ಬೆಳಿಗ್ಗೆ ಏಳಕ್ಕೆ ಊರಿನ ಸೋದರಮಾವ ಹೆಡ್‌ಮಾಸ್ಟರ್ ಮನೆ ಬಾಗಿಲು ತಟ್ಟಿ, ಶಾಲೆ ತೆಗೆಸಿ, ದಾಖಲಾತಿ ರಿಜಿಸ್ಟರ್ ಪುಟದ ಫೋಟೋ ಕಳಿಸಿದರು. ಕಂದು ಬಣ್ಣಕ್ಕೆ ತಿರುಗಿದ ಹಾಳೆ, ಎರಡನೇ ಸಾಲಿನಲ್ಲಿ ಇವನ ಹೆಸರು, ಅಪ್ಪನ ಹೆಬ್ಬೆಟ್ಟು. ಅಪ್ಪ ಹೆಬ್ಬೆಟ್ಟು ಒತ್ತಿ ಬರೆಸಿದ ಆ ದಿನಾಂಕವೇ ಕೊನೆಗೆ ಮಗನನ್ನು ಉಳಿಸಿತು.

ಊರಿಂದ ಬಂದವರಿಗೆಲ್ಲ ನಾನು ಈಗ ಮೊದಲು ಕೇಳುವುದೇ ಇದು: ಮಕ್ಕಳ ಶಾಲೆಯ ದಾಖಲೆ ತಂದಿದ್ದೀರಾ?

ಪ್ರತಿ ಸ್ಟೇಷನ್‌ನಲ್ಲೂ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಲೇಬೇಕು. ಅವರು ಯಾರು ಅಂತ ಕೇಳಿದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಮಗುವನ್ನು ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು. ಮಂಡಳಿ ಅಂದರೆ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರು ಹೆಂಗಸಾಗಿರಬೇಕು. ಪುಣೆಯಲ್ಲಿ ಅದು ಯರವಡಾದಲ್ಲಿದೆ, ಕೇಸಿನಲ್ಲಿ ಸಿಕ್ಕ ಮಕ್ಕಳನ್ನು ಇಡುವ ವೀಕ್ಷಣಾಲಯವೂ ಅಲ್ಲೇ. ನಮ್ಮ ಜನ ಅದನ್ನು ಇನ್ನೂ ರಿಮಾಂಡ್ ಹೋಮ್ ಅಂತಲೇ ಕರೆಯುತ್ತಾರೆ.

ಮಂಡಳಿ ಕೇಳಿದ ಮೊದಲ ಪ್ರಶ್ನೆ, ಅಪ್ಪ ಎಲ್ಲಿ?

ಅಪ್ಪ ಬಂದಿರಲಿಲ್ಲ. “ಅವ ನನ್ ಮಗ ಅಲ್ಲ, ಅಲ್ಲೇ ಇರ್ಲಿ” ಅಂದಿದ್ದರು. ನನ್ನನ್ನೇ ಜವಾಬ್ದಾರಿ ಮಾಡಿ, ಕಾಯ್ದೆಯಲ್ಲಿ ‘ಯೋಗ್ಯ ವ್ಯಕ್ತಿ’ಗೆ ಒಪ್ಪಿಸುವ ಅವಕಾಶ ಇದೆಯಲ್ಲಾ ಅಂತ ನಾನು ಕೇಳಿಕೊಂಡೆ. ಅಪ್ಪ ಬದುಕಿದ್ದಾರೆ, ಇದೇ ಊರಲ್ಲಿದ್ದಾರೆ, ಮೊದಲು ಅವರನ್ನು ಕರೆತನ್ನಿ ಅಂದರು. ಆಗ ಬೇಜಾರಾಯಿತು. ಆದರೆ ಅವರು ಹೇಳಿದ್ದೇ ಸರಿ. ಪಾಸ್ಟರ್ ಅಪ್ಪನ ಜಾಗದಲ್ಲಿ ಕೂತುಬಿಟ್ಟರೆ ಅಪ್ಪ ವಾಪಸ್ ಬರಲು ಜಾಗವೇ ಉಳಿಯುವುದಿಲ್ಲ.

ಮರುದಿನ ಮಧ್ಯಾಹ್ನ ಅಪ್ಪ ಕೆಲಸ ಮಾಡುತ್ತಿದ್ದ ಸೈಟಿಗೆ ಹೋದೆ. ನಾಲ್ಕನೇ ಮಹಡಿ. ಗೋಡೆಗೆ ಪ್ಲಾಸ್ಟರ್ ಹಾಕುತ್ತಿದ್ದರು. ನನ್ನನ್ನು ನೋಡಿಯೂ ಕರಣಿ ಕೆಳಗಿಡಲಿಲ್ಲ. ನಾನು ಒಂದು ಸಿಮೆಂಟ್ ಚೀಲದ ಮೇಲೆ ಕೂತೆ. ಅರ್ಧ ಗೋಡೆ ಮುಗಿಯುವ ತನಕ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರೇ ಶುರು ಮಾಡಿದರು. ಕಾಂಟ್ರಾಕ್ಟರು ತಮ್ಮ ಊರಿನವರೇ, ಸೈಟಿನ ಮಂದಿಗೆಲ್ಲ ಗೊತ್ತಾಗಿದೆ, ಹನ್ನೊಂದು ವರ್ಷ ಯಾರ ಮುಂದೂ ತಲೆ ತಗ್ಗಿಸದೆ ದುಡಿದಿದ್ದೇನೆ ಅಂದರು. ನಾನು ದೇವರ ಮಾತು ಎತ್ತಲಿಲ್ಲ. ಒಂದೇ ಮಾತು ಹೇಳಿದೆ: “ಅಣ್ಣಾ, ನೀವು ಬಂದು ನಿಲ್ಲದಿದ್ದರೆ ಬೇರೆ ಯಾರೋ ಬಂದು ನಿಲ್ಲುತ್ತಾರೆ. ಆ ‘ಭಾಯಿ’ ವಕೀಲನನ್ನು ಕಳಿಸುತ್ತಾನೆ. ಆಮೇಲೆ ಹುಡುಗ ಅವನವನೇ ಆಗ್ತಾನೆ.”

ಭಾಯಿ ಅಂದರೆ ಗಲ್ಲಿಯ ಹುಡುಗರನ್ನು ಇಂಥ ಕೆಲಸಕ್ಕೆ ಬಳಸಿಕೊಳ್ಳುವ ದಾದಾ. ಇದು ಹೆದರಿಸಲು ಹೇಳಿದ ಮಾತಲ್ಲ. ಈ ಕೆಲಸದಲ್ಲಿ ನಾನು ಕಲಿತದ್ದು ಇದೊಂದೇ ಅಂದರೂ ತಪ್ಪಿಲ್ಲ. ಹುಡುಗ ಯಾರ ಮಾತು ಕೇಳುತ್ತಾನೆ ಅನ್ನುವುದು ಯಾರು ಒಳ್ಳೆಯ ಮಾತು ಹೇಳಿದರು ಅನ್ನುವುದರ ಮೇಲೆ ನಿಂತಿಲ್ಲ. ಅವನಿಗೆ ಯಾರು ಜಾಮೀನು ನಿಂತರು ಅನ್ನುವುದರ ಮೇಲೆ ನಿಂತಿದೆ. ಆ ಭಾಯಿ ವಡಾಪಾವ್ ಕೊಡಿಸಿದ್ದ, ಫೋನ್ ರೀಚಾರ್ಜ್ ಮಾಡಿಸಿದ್ದ, ‘ಕಾನಡಿ’ ಅಂತ ನಗುವವರ ಕಾಲರ್ ಹಿಡಿದಿದ್ದ. ಆ ಹುಡುಗನ ಪರವಾಗಿ ಪುಣೆಯಲ್ಲಿ ಮೊದಲು ನಿಂತ ದೊಡ್ಡವನು ಅವನೇ. ನಾವೆಲ್ಲ ಆಗ ಎಲ್ಲಿದ್ದೆವು? ಮಕ್ಕಳನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸಿದವರಿಗೆ ಏಳು ವರ್ಷದ ತನಕ ಕಠಿಣ ಸಜೆ, ಐದು ಲಕ್ಷ ದಂಡ ಅಂತ 83ನೇ ಸೆಕ್ಷನ್‌ನಲ್ಲಿದೆ. ಅವನ ವಿರುದ್ಧ ಸಾಕ್ಷಿ ಹೇಳಲು ಗಲ್ಲಿಯಲ್ಲಿ ಒಬ್ಬರೂ ಮುಂದೆ ಬರಲಿಲ್ಲ.

ಮೂರು ದಿನ ಬಿಟ್ಟು ಅಪ್ಪ ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಉಗುರಿನ ಸಂದಿಯಲ್ಲಿ ಸಿಮೆಂಟು. ಒಂಬತ್ತನೇ ದಿನ ಹುಡುಗ ಹೊರಗೆ ಬಂದ. ಹಳೇ ಗುಂಪಿಗೆ ಮತ್ತೆ ಸೇರುವ ಹಾಗಿದ್ದರೆ ಬಿಡದೇ ಇರಲು ಮಂಡಳಿಗೆ ಅಧಿಕಾರ ಇದೆ. ಅದಕ್ಕೇ ಕೆಲವು ವಾರ ಪಿಂಪ್ರಿಯ ಚಿಕ್ಕಮ್ಮನ ಮನೆಯಲ್ಲಿ ಮಲಗುತ್ತಾನೆ ಅಂತ ಬರೆದುಕೊಟ್ಟೆವು.

ಇಲ್ಲಿಂದ ಮುಂದೆ ನನ್ನ ತಪ್ಪು.

ಬಿಡುಗಡೆಯಾದ ಮೂರನೇ ಭಾನುವಾರ ಅವನು ತಾಯಿಯ ಜೊತೆ ಸಭೆಗೆ ಬಂದ. ಎಲ್ಲರಿಗೂ ಖುಷಿ. ನನಗೆ ಎಲ್ಲರಿಗಿಂತ ಜಾಸ್ತಿ. ಹಾಡು ಮುಗಿದ ಮೇಲೆ ಅವನನ್ನು ಮುಂದಕ್ಕೆ ಕರೆದು, ಕೈಗೆ ಮೈಕ್ ಕೊಟ್ಟು, “ದೇವರು ನಿನಗೆ ಏನು ಮಾಡಿದ, ಎರಡು ಮಾತು ಸಾಕ್ಷಿ ಹೇಳಪ್ಪಾ” ಅಂದುಬಿಟ್ಟೆ. ಮುಂಚೆ ಕೇಳಿರಲಿಲ್ಲ. ಅವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೆಬ್ಬೆರಳು ಸ್ವಿಚ್ ಮೇಲೆ ಹೋಗಿ ಬರುತ್ತಿತ್ತು. ಆನ್, ಆಫ್, ಆನ್, ಆಫ್. ಸ್ಪೀಕರ್‌ನಲ್ಲಿ ಟಕ್ ಟಕ್ ಸದ್ದು. ಯಾರೋ ಹಿಂದಿನಿಂದ “ಹಲ್ಲೆಲೂಯ” ಅಂದರು. ಅವನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಅದು ಸಂತೋಷದ ಅಳು ಅಂತ ನಾನು ಅಂದುಕೊಂಡೆ. ಒಂದು ನಿಮಿಷ ನಿಂತ. ಆಮೇಲೆ ಮೈಕನ್ನು ಕುರ್ಚಿಯ ಮೇಲೆ ನಿಧಾನಕ್ಕೆ ಇಟ್ಟು, ಚಪ್ಪಲಿ ಹಾಕಿಕೊಂಡು ಹೊರಗೆ ನಡೆದ. ಹನ್ನೊಂದು ದಿನ ಅಪ್ಪ ಅಮ್ಮನಿಗೂ ಸಿಗಲಿಲ್ಲ, ನಮಗೂ ಸಿಗಲಿಲ್ಲ.

ವೀಕ್ಷಣಾಲಯದ ಒಳಗೆ ಎಲ್ಲರೂ ಅವನಿಗೆ “ಯಾವ ಗ್ಯಾಂಗ್?” ಅಂತ ಕೇಳುತ್ತಿದ್ದರಂತೆ. ಹೊರಗೆ ಬಂದರೆ ನಾವೂ ಅದನ್ನೇ ಕೇಳಿದೆವು, ಮಾತು ಮಾತ್ರ ಬೇರೆ. ಗುರುತು ಹೊರಗೆ ಹಾಕಬಾರದು ಅಂತ ಕಾನೂನೇ ಕಾಪಾಡಿದ ಹುಡುಗನನ್ನು ಅರವತ್ತು ಜನರ ಮುಂದೆ ನಾನೇ ನಿಲ್ಲಿಸಿದೆ, ಅದೂ ದೇವರ ಹೆಸರಿನಲ್ಲಿ. ಇದನ್ನು ಬರೆಯುವಾಗ ಈಗಲೂ ಕಷ್ಟವಾಗುತ್ತದೆ. ಸಾಕ್ಷಿ ಹೇಳುವುದು ನಮ್ಮ ಸಭೆಗಳಲ್ಲಿ ಒಳ್ಳೆಯ ಪದ್ಧತಿ, ನಾನೇನೂ ಅದರ ವಿರೋಧಿಯಲ್ಲ. ಆದರೆ ಅದು ಹೇಳುವವನ ಸ್ವತ್ತು. ಕೇಳುವವರ ಉತ್ಸಾಹಕ್ಕೆ ಅದನ್ನು ಅವನಿಂದ ಕಿತ್ತುಕೊಳ್ಳಬಾರದು. ಈಗ ನಮ್ಮಲ್ಲಿ ಹದಿನೆಂಟು ತುಂಬದ ಯಾರನ್ನೂ ಹೀಗೆ ನಿಲ್ಲಿಸುವುದಿಲ್ಲ. ಯಾವ ಹುಡುಗನ ಜೊತೆಗೂ ಬಾಗಿಲು ಹಾಕಿಕೊಂಡು ಒಬ್ಬನೇ ಮಾತಾಡುವುದಿಲ್ಲ, ಸಭೆಯ ಹಿರಿಯರೊಬ್ಬರು ಕಣ್ಣಳತೆಯಲ್ಲಿ ಇರುತ್ತಾರೆ.

ಹನ್ನೆರಡನೇ ದಿನ ಚಿಕ್ಕಮ್ಮ ಫೋನ್ ಮಾಡಿದರು. ಅವನು ಅಷ್ಟು ದಿನವೂ ಅಲ್ಲೇ ಇದ್ದನಂತೆ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದ. ಹೋದೆ. ಮನೆ ಹತ್ತಿರದ ಚಹಾ ಗಾಡಿಯ ಮುಂದೆ ನಿಂತು ಅವನ ಹತ್ತಿರ ಕ್ಷಮೆ ಕೇಳಿದೆ. ಅವನು ಏನೂ ಹೇಳಲಿಲ್ಲ. ಎರಡು ಕಟಿಂಗ್ ಕುಡಿದೆವು. ಹೊರಡುವಾಗ ಕೇಳಿದ: “ಅಣ್ಣಾ, ಆ ಆಟೋದವ್ರ ಗಾಜು ಯಾರ್ ಹಾಕ್ಸಿದ್ರು?”

ಹೌದಲ್ವಾ? ಮೂರು ವಾರ ನಾವು ಆ ಹುಡುಗನಿಗಾಗಿ ಪ್ರಾರ್ಥನೆ ಮಾಡಿದ್ದೆವು, ಉಪವಾಸವನ್ನೂ ಮಾಡಿದ್ದೆವು. ಆ ಆಟೋ ಯಾರದು, ಅವರ ಮನೆ ಹೇಗೆ ನಡೆಯಿತು, ಒಬ್ಬರೂ ಕೇಳಿರಲಿಲ್ಲ. ಕೇಳಿದ್ದು ಒಡೆದವನೇ.

ಬೈಬಲ್‌ನಲ್ಲಿ ಫಿಲೆಮೋನನಿಗೆ ಬರೆದ ಒಂದು ಪತ್ರ ಇದೆ. ಬರೀ 25 ವಚನ, ಒಂದು ಪುಟಕ್ಕೆ ಮುಗಿಯುತ್ತದೆ. ಯಜಮಾನನಿಂದ ಓಡಿಬಂದ ಒನೇಸಿಮ ಅನ್ನುವ ದಾಸನನ್ನು ಪೌಲ ವಾಪಸ್ ಕಳಿಸುತ್ತಾ ಬರೆದದ್ದು. ಪೌಲ ಆಗ ಸ್ವತಃ ಸೆರೆಯಲ್ಲಿದ್ದ. ಇವನನ್ನು ಕ್ಷಮಿಸು ಅಂತ ಹೇಳಿ ಸುಮ್ಮನಾಗುವುದಿಲ್ಲ. ಇವನು ನಿನಗೆ ಏನಾದರೂ ಕೊಡಬೇಕಿದ್ದರೆ ನನ್ನ ಲೆಕ್ಕಕ್ಕೆ ಹಚ್ಚು, ನಾನು ತೀರಿಸುತ್ತೇನೆ ಅಂತ ತನ್ನ ಕೈಯಿಂದಲೇ ಬರೆದುಕೊಡುತ್ತಾನೆ. ಎಷ್ಟು ಸಲ ಈ ಪತ್ರದ ಮೇಲೆ ಪ್ರಸಂಗ ಮಾಡಿದ್ದೆನೋ. ಲೆಕ್ಕ ಅನ್ನುವ ಪದದ ಹತ್ತಿರ ನಾನು ನಿಂತೇ ಇರಲಿಲ್ಲ.

ಹುಡುಗನ ಮೇಲೆ ನಿಗಾ ಇಡುವ ಪ್ರೊಬೇಷನ್ ಆಫೀಸರ್ ಅವರನ್ನು ಕೇಳಿಕೊಂಡೇ ಮುಂದುವರಿದೆವು. ಆಟೋದವರು ಒಪ್ಪಿದರೆ ಮಾತ್ರ, ಕೇಸ್ ವಾಪಸ್ ತೆಗೆಯಿರಿ ಅಂತ ಒಂದು ಮಾತೂ ಆಡಬಾರದು ಅಂತ ಅವರು ಹೇಳಿದರು. ಆಟೋದವರು ಸೊಲ್ಲಾಪುರ ಕಡೆಯವರು, ಚೆನ್ನಾಗಿ ಕನ್ನಡ ಬರುತ್ತಿತ್ತು. ಬೈದದ್ದೂ ಕನ್ನಡದಲ್ಲೇ, ಅದೂ ನನಗೆ. “ನಿಮ್ ದೇವ್ರು ಕ್ಷಮಿಸ್ತಾನ್ರಿ. ನನ್ನ ಎರಡ್ ದಿನದ ದುಡಿಮಿ ಯಾರ್ ಕೊಡ್ತಾರ? ಗಾಡಿ ಕಂತ್ ಯಾರ್ ಕಟ್ತಾರ?” ಗುಜರಿಯಿಂದ ತಂದ ಹಳೇ ಗಾಜು ಹಾಕಿಸಿದ್ದರು. ಮಳೆ ಬಂದರೆ ಮೂಲೆಯಿಂದ ನೀರು ಸೋರಿ ಮೊಣಕಾಲ ಮೇಲೆ ಬೀಳುತ್ತಿತ್ತು. ಬೈಯುವುದೆಲ್ಲ ಮುಗಿದ ಮೇಲೆ ಹುಡುಗನ ಕಡೆ ತಿರುಗಿ, “ನಿಮ್ ಊರ್ ಯಾವ್ದಪಾ?” ಅಂದರು. ಹುಡುಗ ಕನ್ನಡದಲ್ಲಿ ಹೇಳಿದ. ಅವನು ಹೊರಗಿನವರ ಎದುರು ಕನ್ನಡ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊಸ ಗಾಜು, ರಬ್ಬರ್ ಬೀಡಿಂಗ್, ಕೂಲಿ ಸೇರಿ 2,200 ರೂಪಾಯಿ. ನಾನು ಕೊಟ್ಟೆ, ಹುಡುಗ ನನಗೆ ತೀರಿಸಬೇಕು ಅಂತ ಮಾತು. ಗಾಜು ಕೂರಿಸುವವರು ಅವನನ್ನು ಸುಮ್ನೆ ನಿಲ್ಲಲು ಬಿಡಲಿಲ್ಲ. ಬೀಡಿಂಗ್‌ನ ಒಳಗಿನ ಸಂದಿಯಲ್ಲಿ ಸುತ್ತಲೂ ಒಂದು ತೆಳು ದಾರ ಇಟ್ಟು, ಸೋಪಿನ ನೀರು ಹಚ್ಚಿ, ಹೊರಗಿನಿಂದ ಗಾಜನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತಾರೆ. ಒಳಗೆ ಕೂತವನು ದಾರದ ತುದಿಯನ್ನು ಮೆಲ್ಲಗೆ ಎಳೆಯುತ್ತಾ ಹೋಗಬೇಕು. ಎಳೆದಷ್ಟೂ ರಬ್ಬರಿನ ಅಂಚು ಚೌಕಟ್ಟಿನ ಮೇಲೆ ಹತ್ತಿ ಕೂರುತ್ತದೆ. ಜೋರಾಗಿ ಎಳೆದರೆ ರಬ್ಬರ್ ಹರಿಯುತ್ತದೆ, ಹೊರಗಿನವನು ಕೈ ಬಿಟ್ಟರೆ ಗಾಜು ಹೋಗುತ್ತದೆ. ಒಳಗೆ ಹುಡುಗ ದಾರ ಎಳೆಯುತ್ತಿದ್ದ. ಹೊರಗೆ ಆಟೋದವರು ಎರಡೂ ಅಂಗೈಯಿಂದ ಗಾಜು ಒತ್ತಿ ಹಿಡಿದಿದ್ದರು. ನಡುವೆ ಗಾಜು. ಇಬ್ಬರ ಮುಖಕ್ಕೂ ಒಂದು ಗೇಣು ಅಂತರ ಇರಲಿಲ್ಲ. “ಮೆಲ್ಲಕ್, ಮೆಲ್ಲಕ್ ಎಳಿ” ಅಂತ ಅವರು ಹೇಳುತ್ತಲೇ ಇದ್ದರು. ಹತ್ತು ನಿಮಿಷದ ಕೆಲಸ. ನಾನು ಆ ವರ್ಷ ಮಾಡಿದ ಯಾವ ಪ್ರಾರ್ಥನಾ ಕೂಟಕ್ಕಿಂತಲೂ ಅದು ನನಗೆ ನೆನಪಿದೆ.

ಹೋದ ಎರಡು ದಿನದ ದುಡಿಮೆಗೆ ದುಡ್ಡು ಬೇಡ ಅಂದರು ಆಟೋದವರು. “ಎರಡ್ ತಿಂಗ್ಳು ಮುಂಜಾನೆ ಬಂದು ಗಾಡಿ ತೊಳಿ.” ಐದೂವರೆಗೆ. ಐದೂವರೆಗೆ ಬಕೆಟ್ ಹಿಡಿದು ನಿಲ್ಲಬೇಕಾದವನು ರಾತ್ರಿ ಎರಡು ಗಂಟೆ ತನಕ ಗಲ್ಲಿಯಲ್ಲಿ ಇರಲು ಆಗುವುದಿಲ್ಲ. ಕೌನ್ಸೆಲಿಂಗ್ ಬೇಕೇ ಬೇಕು, ಅದನ್ನು ಮಂಡಳಿಯೂ ಹೇಳಿತ್ತು, ಅವನು ಹೋದ. ಆದರೆ ಅವನ ರಾತ್ರಿಗಳನ್ನು ಬಿಡಿಸಿದ್ದು ಆ ಬಕೆಟ್.

2,200 ರೂಪಾಯಿಯನ್ನು ಮದುವೆ ಸೀಸನ್‌ನಲ್ಲಿ ಕೇಟರಿಂಗ್‌ನವರ ಜೊತೆ ಬಡಿಸಲು ಹೋಗಿ ಐದು ಕಂತಿನಲ್ಲಿ ತೀರಿಸಿದ. ಪಾಪ, ಬಡವರ ಹುಡುಗ, ಯಾಕೆ ತಗೊಂಡ್ರಿ ಅಂತ ಸಭೆಯಲ್ಲಿ ಕೆಲವರು ಕೇಳಿದರು. ನಾನು ಒಂದು ರೂಪಾಯಿಯನ್ನೂ ಬಿಡಲಿಲ್ಲ. ಬಿಟ್ಟಿದ್ದರೆ ಅವನು ನನ್ನ ಋಣದಲ್ಲಿ ಉಳಿಯುತ್ತಿದ್ದ. ಮೊದಲು ಭಾಯಿಯ ಋಣ, ಆಮೇಲೆ ಪಾಸ್ಟರ್ ಋಣ. ಕೊನೆಯ ಕಂತು ಕೊಟ್ಟ ದಿನ ನೋಟನ್ನು ಎರಡು ಸಲ ಎಣಿಸಿ ನನ್ನ ಕೈಗಿಟ್ಟು, “ಆಯ್ತಲ್ಲಣ್ಣಾ?” ಅಂದ. ಆಯ್ತು ಅಂದೆ.

ವಿಚಾರಣೆ ಮುಗಿದ ಮೇಲೆ ಮಂಡಳಿ ಅವನನ್ನು ಒಂದು ವರ್ಷ ಒಳ್ಳೆಯ ನಡತೆಯ ಮೇಲೆ ಅಪ್ಪನ ಜವಾಬ್ದಾರಿಗೆ ಬಿಟ್ಟಿತು. 24ನೇ ಸೆಕ್ಷನ್ ಪ್ರಕಾರ ಈ ಕೇಸು ಮುಂದೆ ನೌಕರಿಗೆ ಅಡ್ಡ ಬರಬಾರದು. ಇದನ್ನು ಅಪ್ಪನಿಗೆ ಮೂರು ಸಲ ವಿವರಿಸಿ ಹೇಳಬೇಕಾಯಿತು. ಮಹಾರಾಷ್ಟ್ರದಲ್ಲಿ ಶಾಲೆ ಬಿಟ್ಟ ಮಕ್ಕಳು ಫಾರ್ಮ್ ನಂಬರ್ 17 ತುಂಬಿ ಖಾಸಗಿಯಾಗಿ ಹತ್ತನೇ ಪರೀಕ್ಷೆಗೆ ಕೂರಬಹುದು, ಅದನ್ನು ತುಂಬಿಸಿದೆವು. ಗಣಿತದಲ್ಲಿ ಒಮ್ಮೆ ಹೋಯಿತು. ಎರಡನೇ ಸಲ ಪಾಸ್.

ಆ ನಡುವೆ ಅವನ ಶಾಲೆಯ ಮೂಲ ದಾಖಲೆ ತರಲು ಅಪ್ಪ, ಮಗ, ನಾನು ಮೂವರೂ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಹೋದೆವು. ದೌಂಡ್‌ಗಿಂತ ಮುಂಚೆ ಕೇಡಗಾಂವ್ ಸ್ಟೇಷನ್ ದಾಟುತ್ತದೆ. ಪಂಡಿತಾ ರಮಾಬಾಯಿ ಅವರ ಮುಕ್ತಿ ಮಿಷನ್ ಇರುವ ಊರು. ಕಿಟಕಿಯಿಂದ ತೋರಿಸಿ ಹೇಳಿದೆ: 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು, ಬರದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡವರು, ಬರ ಬಂದಾಗ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಇಲ್ಲಿಗೆ ತಂದು ಪ್ರೆಸ್ಸು, ನೇಯ್ಗೆ, ಎಣ್ಣೆ ಗಾಣದ ಕೆಲಸ ಕಲಿಸಿದವರು. ಅವನು ಕೇಳಿದ್ದು ಒಂದೇ, “ಅವ್ರಿಗಿ ಕನ್ನಡ ಬರ್ತಿತ್ತಾ?” ಬರ್ತಿತ್ತು ಅಂದೆ. ಸ್ಟೇಷನ್ ಹಿಂದೆ ಹೋಗುವ ತನಕ ಹೊರಗೆ ನೋಡುತ್ತಿದ್ದ. ಮೇಲಿನ ಬರ್ತ್‌ನಲ್ಲಿ ಅಪ್ಪ ನಿದ್ದೆ ಮಾಡುತ್ತಿದ್ದರು.

ಮತಾಂತರದ ಮಾತು ಕೇಳುವವರು ಇರುತ್ತಾರೆ, ಅದಕ್ಕೂ ಹೇಳಿಬಿಡುತ್ತೇನೆ. ಅಪ್ಪ ಇವತ್ತಿಗೂ ಎಲ್ಲಮ್ಮನ ಭಕ್ತರೇ. ಹುಡುಗ ಕೆಲವು ಭಾನುವಾರ ಬರುತ್ತಾನೆ, ಕೆಲವು ಭಾನುವಾರ ಬರುವುದಿಲ್ಲ. ಬಂದರೆ ಬಾಗಿಲ ಹತ್ತಿರದ ಕೊನೆಯ ಕುರ್ಚಿ. ಮುಗಿದ ಮೇಲೆ ಯಾರೂ ಹೇಳದೆಯೇ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಾನೆ. ಅವನು ಏನು ನಂಬುತ್ತಾನೆ ಅಂತ ನಾನು ಕೇಳಿಲ್ಲ. ಹೇಳಬೇಕು ಅನಿಸಿದ ದಿನ ಹೇಳುತ್ತಾನೆ. ಯೇಸು ಅವನನ್ನು ಬಿಟ್ಟುಕೊಡುವುದಿಲ್ಲ ಅಂತ ನಾನು ನಂಬಿದ್ದೇನೆ, ಅದಕ್ಕೇ ನನಗೆ ಅವಸರ ಇಲ್ಲ.

ಅವತ್ತು ಬೈಕಿನಲ್ಲಿದ್ದ ಇನ್ನಿಬ್ಬರಲ್ಲಿ ಒಬ್ಬನನ್ನು ಅವನ ಮನೆಯವರು ಬೀದರ್‌ಗೆ ಕಳಿಸಿದರು. ಇನ್ನೊಬ್ಬನಿಗೆ ಜಾಮೀನು ನಿಂತದ್ದು ಭಾಯಿಯ ಕಡೆಯವರೇ. ಅವನು ಹೋದ ತಿಂಗಳು ಮತ್ತೆ ಸಿಕ್ಕಿಬಿದ್ದ, ಹದಿನೆಂಟು ತುಂಬಲು ಇನ್ನೂ ಎರಡು ತಿಂಗಳಿದೆ. ಅವನ ಅಪ್ಪ ವಾಘೋಲಿ ಕಡೆ ಒಂದು ಸೈಟಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾರಂತೆ. ಮಂಡಳಿಯ ಮುಂದೆ ಬರುವುದಿಲ್ಲ ಅಂದಿದ್ದಾರೆ. ನಾಳೆ ಮಧ್ಯಾಹ್ನ ಊಟದ ಹೊತ್ತಿಗೆ ಅಲ್ಲಿಗೆ ಹೋಗುತ್ತಿದ್ದೇನೆ. ನಮ್ಮ ಹುಡುಗನ ಅಪ್ಪನೂ ಅರ್ಧ ದಿನ ಕೆಲಸ ಬಿಟ್ಟು ಬರುತ್ತೇನೆ ಅಂದಿದ್ದಾರೆ. ಕರೆದುಕೊಂಡು ಹೋಗುವುದು ಅದೇ ಆಟೋ.